ಪಲ್ಪರ್ ನೀರಿಗೆ ಗುಂಡಿ ಮಾಡಿಸೋಕೆ ಹೋಗಿ ಹದಿನಾಲ್ಕು ತಿಂಗಳು

ಮೊನ್ನೆ ಮಧ್ಯಾಹ್ನ ಕಣದಲ್ಲಿ ಮೆಣಸು ಹರಡ್ತಾ ಇದ್ದಾಗ ಬ್ಯಾಂಕ್ ಮೆಸೇಜ್ ಬಂತು, ಪಲ್ಪರ್ ಕೊಳೆ ನೀರು ನಿಲ್ಲಿಸಿ ಶುದ್ಧ ಮಾಡೋ ಗುಂಡಿಯ ಸಬ್ಸಿಡಿ ದುಡ್ಡು ಜಮಾ ಆಗಿದೆ ಅಂತ. ಅಪ್ಪಂಗೆ ತೋರಿಸ್ದೆ, ಕನ್ನಡಕ ಇಲ್ದೆ ಫೋನ್ ದೂರ ಹಿಡ್ಕೊಂಡು ನೋಡಿ "ಇಷ್ಟೇನಾ" ಅಂದ್ರು. ಇಷ್ಟೇ. ಆದ್ರೆ ಇಷ್ಟಕ್ಕೆ ಹದಿನಾಲ್ಕು ತಿಂಗಳು ಓಡಾಡಿದ್ದು ನಾನು, ಹಾಗಾಗಿ ನೆನಪು ಹಸಿ ಇರುವಾಗ್ಲೇ ಬರ್ದುಬಿಡ್ತೀನಿ. ಕಾಫಿ ಪಲ್ಪಿಂಗ್ ಮಾಡ್ಕೊಂಡು (ಅಂದ್ರೆ ಪಲ್ಪರ್ ಮಿಷಿನ್ನಲ್ಲಿ ಹಣ್ಣಿನ ಸಿಪ್ಪೆ ಸುಲಿದು ಬೀಜ ನೀರಲ್ಲಿ ತೊಳ್ಕೊಂಡು) ಕೊಳೆ ನೀರು ಹಳ್ಳಕ್ಕೆ ಬಿಡ್ತಾ ಇರೋ ಸಣ್ಣ ಬೆಳೆಗಾರರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಬಾಯಿಬಿಟ್ಟು ಹೇಳ್ಕೊಳಲ್ಲ ಅಷ್ಟೇ.

ನಮ್ದು ಮೂಡಿಗೆರೆ ಕಡೆ. ಅಪ್ಪ, ದೊಡ್ಡಪ್ಪ, ಮತ್ತೆ ಪಕ್ಕದ ಮನೆಯೋರು ಸೇರಿ ಹದಿನೈದು ಎಕರೆ ಅರೇಬಿಕಾ, ಜಾಸ್ತಿ ಹಳೇ ಎಸ್ 795 ತಳಿ, ಸ್ವಲ್ಪ ಚಂದ್ರಗಿರಿ ತಳಿ. ಮೂರೂ ಮನೆಗೆ ಒಂದೇ ಪಲ್ಪರ್, ತಾತ ಹಾಕ್ಸಿದ್ದು. ಪಲ್ಪರ್ ಮನೆ ಹಿಂದೆ ಒಂದು ಚರಂಡಿ, ಚರಂಡಿ ತುದಿಗೆ ಹಳ್ಳ. ಹಣ್ಣಿನ ಸಿಪ್ಪೆ ಹಳ್ಳದ ದಂಡೆ ಮೇಲೆ ಗುಡ್ಡೆ, ಬೀಜಕ್ಕೆ ಅಂಟಿರೋ ಲೋಳೆ ತೊಳೆದ ನೀರು ಸೀದಾ ಹಳ್ಳಕ್ಕೆ. ನಾನು ಹುಟ್ಟಿದಾಗಿಂದ ಹಂಗೇ ನೋಡಿರೋದು, ಅದರಲ್ಲಿ ತಪ್ಪಿದೆ ಅಂತ ಅನ್ಸಿದ್ದೇ ಇಲ್ಲ. ವಾಸನೆ ಬರುತ್ತೆ, ಸೀಸನ್ ಮುಗಿದ್ರೆ ಹೋಗುತ್ತೆ, ಅಷ್ಟೇ ಲೆಕ್ಕ.

ಶುರುವಾಗಿದ್ದು 2024ರ ಜನವರಿ ಮೊದಲ ವಾರ, ಅತ್ತೆ ಫೋನಿಂದ. ಅಪ್ಪನ ತಂಗಿ, ನಮ್ಮಿಂದ ಕೆಳಗೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಕೊಟ್ಟಿದ್ದು, ಅವರ ಮನೆಗೆ ಕುಡಿಯೋ ನೀರು ಇದೇ ಹಳ್ಳದಿಂದ ಪೈಪಲ್ಲಿ ಇಳ್ಕೊಂಡು ಬರೋದು. "ಏನೇ, ನಿಮ್ಮಪ್ಪಂಗೆ ಹೇಳು, ಒಂದು ದಿನ ಇಲ್ಲಿಗೆ ಬಂದು ಈ ನೀರಲ್ಲಿ ಕಾಫಿ ಮಾಡ್ಕೊಂಡು ಕುಡಿದು ಹೋಗ್ಲಿ" ಅಂದ್ರು. ನಾನು ನಕ್ಕೆ. ಅವರು ನಗ್ಲಿಲ್ಲ. ಸಂಜೆ ಹೋಗಿ ನೋಡಿದ್ರೆ ನಲ್ಲಿ ನೀರು ತಿಳಿ ಟೀ ಬಣ್ಣ, ಹುಳಿ ಹಿಟ್ಟಿನ ವಾಸನೆ, ಬಕೆಟ್ ಒಳಗಡೆ ಕೈ ಆಡಿಸಿದ್ರೆ ಜಾರುತ್ತೆ. ಹದಿನೈದು ದಿನದಿಂದ ಅವರು ಪಕ್ಕದ ಮನೆ ಬಾವಿಯಿಂದ ಹೊತ್ಕೊಂಡು ಬರ್ತಾ ಇದ್ರಂತೆ, ಅರವತ್ತೆರಡು ವಯಸ್ಸಿಗೆ. ನಂಗೆ ಮುಖ ಎತ್ತೋಕಾಗ್ಲಿಲ್ಲ.

ಮನೇಲಿ ಹೇಳಿದ್ರೆ ದೊಡ್ಡಪ್ಪ "ಮೇಲ್ಗಡೆ ಎಷ್ಟು ಜನ ಪಲ್ಪಿಂಗ್ ಮಾಡ್ತಾರೆ, ನಮ್ದೇ ನೀರು ಅಂತ ಏನು ಗ್ಯಾರಂಟಿ, ಅಲ್ದೆ ಕಾಫಿ ಹಣ್ಣೇನು ವಿಷನಾ, ಗೊಬ್ಬರ ಅಲ್ವಾ" ಅಂದ್ರು. ಇದೇ ಮಾತು ನಿಮ್ಮ ಮನೇಲೂ ಬರುತ್ತೆ, ರೆಡಿ ಇರಿ.

ಅದಾಗಿ ಹತ್ತು ದಿನಕ್ಕೆ ಕಾಫಿ ಬೋರ್ಡಿನ ವಿಸ್ತರಣೆ ಆಫೀಸಿಂದ (ಬೆಳೆಗಾರರಿಗೆ ಸಲಹೆ ಕೊಡೋ ಆಫೀಸು) ಒಬ್ರು ಬಂದ್ರು, ಬೈಕಲ್ಲಿ, ಒಬ್ರೇ. ಅತ್ತೆ ಕಂಪ್ಲೇಂಟ್ ಕೊಟ್ಟಿದ್ದಾರೆ ಅಂತ ನಮಗೆಲ್ಲ ಎದೆ ಧಸಕ್ ಅಂತು. ಹಾಗೇನೂ ಇರ್ಲಿಲ್ಲ. ಅವರು ನೋಟ್‌ಬುಕ್ಕಲ್ಲಿ ನಮ್ಮ ಹಳ್ಳದ ಗೆರೆ ಎಳ್ಕೊಂಡಿದ್ರು, ಹಳ್ಳದ ಪಕ್ಕ ಇರೋ ಒಂದೊಂದು ಪಲ್ಪರ್‌ಗೆ ಒಂದೊಂದು ಚುಕ್ಕಿ, ಒಟ್ಟು ಹನ್ನೊಂದು. ಕೆಳಗಡೆ ಪಂಚಾಯ್ತಿ ನೀರಿನ ಬಾವಿಗೆ ಒಂದು ದೊಡ್ಡ ಸೊನ್ನೆ. "ಇಡೀ ಹೋಬಳಿ ಸುತ್ತೋಕೆ ನನ್ ಕೈಲಿ ಆಗಲ್ಲ ಮೇಡಂ, ಈ ವರ್ಷ ಈ ಒಂದು ಹಳ್ಳ ಅಂತ ಇಟ್ಕೊಂಡಿದೀನಿ" ಅಂದ್ರು. ಈಗ ಯೋಚ್ನೆ ಮಾಡಿದ್ರೆ ಇಡೀ ಕಥೆಯಲ್ಲಿ ಬುದ್ಧಿವಂತಿಕೆ ಅಂತ ಇದ್ದಿದ್ದು ಇದೊಂದೇ. ಊರಿಗೆಲ್ಲ ಕರಪತ್ರ ಹಂಚಿ ಹೋಗಿದ್ರೆ ನಾವು ಅದರಲ್ಲಿ ಮೆಣಸಿನ ಸ್ಯಾಂಪಲ್ ಕಟ್ತಾ ಇದ್ವಿ.

ಚರಂಡಿ ಹತ್ರ ಕೂತು ಜೇಬಿಂದ ಪಿಎಚ್ ಪೇಪರ್ (ನೀರು ಎಷ್ಟು ಹುಳಿ ಅಂತ ಬಣ್ಣದಲ್ಲಿ ತೋರ್ಸೋದು, 7 ಅಂದ್ರೆ ಸರಿ, ಕಮ್ಮಿ ಆದಷ್ಟೂ ಹುಳಿ) ಒಂದು ತುಂಡು ತೆಗ್ದು ಅದ್ದಿ ಅಪ್ಪನ ಕೈಗೆ ಕೊಟ್ರು. ಬಣ್ಣದ ಪಟ್ಟಿಗೆ ಹಿಡಿದು ನೋಡಿದ್ರೆ 4. ಮೇಲ್ಗಡೆ ಹಳ್ಳದ ನೀರು ಅದ್ದಿದ್ರೆ 7ರ ಹತ್ರ. ಆಮೇಲೆ ಹೇಳಿದ್ದು ಇಷ್ಟು: ಲೋಳೆಯಲ್ಲಿ ಸಕ್ಕರೆ ಇದೆ, ಪೆಕ್ಟಿನ್ ಅನ್ನೋ ಅಂಟು ಇದೆ, ನೀರಿಗೆ ಬಿದ್ದ ತಕ್ಷಣ ಹುಳಿ ಬರೋಕೆ ಶುರು, ಅದನ್ನ ತಿನ್ನೋ ಸೂಕ್ಷ್ಮಜೀವಿಗಳು ನೀರಲ್ಲಿರೋ ಆಮ್ಲಜನಕ ಎಲ್ಲ ಖಾಲಿ ಮಾಡ್ತವೆ, ಮೀನು ಏಡಿ ಉಸಿರು ಕಟ್ಟಿ ಸಾಯ್ತವೆ. ವಿಷ ಅಲ್ಲ, ಆದ್ರೆ ಕೆಲಸ ವಿಷದ್ದೇ. ಇನ್ನೊಂದು, ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಸರಿಯಾಗಿ ಅದೇ ಹೊತ್ತಿಗೆ ಹಳ್ಳ ಇಳಿಯೋದು. ಮಳೆಗಾಲದಲ್ಲಿ ಇಷ್ಟೇ ನೀರು ಬಿಟ್ಟಿದ್ರೆ ಕೊಚ್ಕೊಂಡು ಹೋಗ್ತಿತ್ತೇನೋ, ಜನವರಿಯಲ್ಲಿ ನಾವು ಬಿಡೋ ನೀರೇ ಅರ್ಧ ಹಳ್ಳ. ಚಿಕ್ಕೋರಿದ್ದಾಗ ರಜೆಯಲ್ಲಿ ಏಡಿ ಹಿಡಿಯೋಕೆ ಹೋಗ್ತಿದ್ದಿದ್ದು ನೆನಪಾಯ್ತು, ಪಲ್ಪರ್ ಕೆಳಗೆ ಯಾವತ್ತೂ ಹೋಗ್ತಿರ್ಲಿಲ್ಲ, ಅಲ್ಲಿ ಏಡಿ ಇರಲ್ಲ ಅಂತ ಮಕ್ಕಳಿಗೂ ಗೊತ್ತಿತ್ತು. ಯಾಕೆ ಇರಲ್ಲ ಅಂತ ಯಾರೂ ಕೇಳಿರ್ಲಿಲ್ಲ.

ದೊಡ್ಡಪ್ಪ ನೇರ ಕೇಳಿದ್ರು, "ಸರ್, ಇವತ್ತು ನೀವು ಸಬ್ಸಿಡಿ ಅಂತ ಹೆಸರು ಬರ್ಕೊಂಡು ಹೋಗ್ತೀರಿ, ನಾಳೆ ಅದೇ ಲಿಸ್ಟ್ ಹಿಡ್ಕೊಂಡು ಮಾಲಿನ್ಯದವರು ನೋಟಿಸ್ ತರ್ತಾರೆ, ಆಗ?" ಅವರು ಸುಳ್ಳು ಸಮಾಧಾನ ಹೇಳ್ಲಿಲ್ಲ. ಹಳ್ಳಕ್ಕೆ ಕೊಳೆ ನೀರು ಬಿಡೋದು 1974ರ ಜಲ ಕಾಯ್ದೆ ಪ್ರಕಾರ ಇವತ್ತೂ ತಪ್ಪೇ, ನಾನು ಬಂದ್ರೂ ತಪ್ಪು ಬರ್ದಿದ್ರೂ ತಪ್ಪು, ನೋಟಿಸ್ ಕೊಡೋದು ನನ್ ಕೆಲಸ ಅಲ್ಲ, ಗುಂಡಿ ಮಾಡ್ಕೊಳ್ಳೋಕೆ ಇಷ್ಟ ಇದ್ರೆ ಅಳತೆ ಹಾಕ್ಕೊಡ್ತೀನಿ, ಸಹಾಯಧನಕ್ಕೆ ಬರೆದು ಕಳಿಸ್ತೀನಿ, ಇಷ್ಟ ಇಲ್ಲಾಂದ್ರೆ ಕಾಫಿ ಕುಡಿದು ಹೋಗ್ತೀನಿ ಅಂದ್ರು. ಕುಡಿದು ಹೋದ್ರು. ನಾವು ಏನೂ ಹೇಳ್ಲಿಲ್ಲ.

ಅವರು ಮತ್ತೆ ಬಂದ್ರು, ಫೆಬ್ರವರಿಯಲ್ಲಿ ಒಂದ್ಸಲ, ಕಾಫಿ ಹೂ ಅರಳಿಸೋ ಹೂಮಳೆ ಆದ್ಮೇಲೆ ಇನ್ನೊಂದ್ಸಲ. ಎರಡನೇ ಸಲ ಗುಂಡಿ ವಿಷ್ಯನೇ ಎತ್ತದೆ ಎಷ್ಟು ನೀರು ಬಳಸ್ತೀರಿ ಅಂತ ಕೇಳಿದ್ರು. ಯಾರಿಗೂ ಗೊತ್ತಿಲ್ಲ! ನಂಗೆ ಅದೊಂದು ಥರ ಹಠ ಬಂತು. ಪಲ್ಪರ್‌ಗೆ ನೀರು ಬರೋದು ಸಾವಿರ ಲೀಟರ್ ಸಿಂಟೆಕ್ಸ್‌ನಿಂದ, ದಿನಕ್ಕೆ ಎಷ್ಟು ಸಲ ತುಂಬಿಸ್ತಿದ್ವಿ ಅಂತ ಪಲ್ಪರ್ ಓಡಿಸೋ ಹುಡುಗನ್ನ ಕೂರಿಸ್ಕೊಂಡು ಲೆಕ್ಕ ಹಾಕ್ದೆ. ದಿನಕ್ಕೆ ಒಂದು ಟನ್ ಹಣ್ಣು, ಏಳು ಟ್ಯಾಂಕ್ ನೀರು. ಆ ಏಳು ಸಾವಿರ ಲೀಟರ್ ಲೆಕ್ಕ ಹೇಳಿದ್ಮೇಲೆ ಅವರು ಹೇಳಿದ್ದು ಎಲ್ರಿಗೂ ಉಪಯೋಗ ಆಗುತ್ತೆ, ಬರ್ಕೊಳ್ಳಿ: ಮೊದ್ಲು ನೀರು ಕಮ್ಮಿ ಮಾಡಿ, ಆಮೇಲೆ ಗುಂಡಿ. ಸೂಕ್ಷ್ಮಜೀವಿಗಳು ಕೊಳೆ ತಿಂದು ಮುಗಿಸೋಕೆ ಗುಂಡಿಯಲ್ಲಿ ಕೊಳೆ ನೀರು 21 ದಿನ ನಿಲ್ಬೇಕು. ಏಳು ಸಾವಿರ ಇಂಟು 21 ಅಂದ್ರೆ ಒಂದೂವರೆ ಲಕ್ಷ ಲೀಟರ್ ಗುಂಡಿ ಬೇಕು. ಪಲ್ಪಿಂಗ್ ನೀರನ್ನ ಜಾಲರಿಯಲ್ಲಿ ಸೋಸಿ ಅದೇ ದಿನ ವಾಪಸ್ ಪಲ್ಪರ್‌ಗೇ ತಿರುಗಿಸಿ, ಹೊಸ ನೀರು ಕೊನೇ ತೊಳೆತಕ್ಕೆ ಮಾತ್ರ ಇಟ್ಕೊಂಡ್ರೆ ಮೂರು ಸಾವಿರಕ್ಕೆ ಇಳಿಸ್ಬಹುದು, ಆಗ 63 ಸಾವಿರ ಲೀಟರ್ ಸಾಕು. ಅರ್ಧಕ್ಕಿಂತ ಕಮ್ಮಿ ಗುಂಡಿ, ಅರ್ಧಕ್ಕಿಂತ ಕಮ್ಮಿ ಖರ್ಚು. ಹೊಸ ಇಕೋ ಪಲ್ಪರ್ ತಗೊಂಡ್ರೆ ಲೋಳೆನೂ ಮಿಷಿನ್ನೇ ಉಜ್ಜಿ ತೆಗೆಯುತ್ತೆ, ನೀರು ಇನ್ನೂ ಕಮ್ಮಿ, ಆದ್ರೆ ಅದರ ರೇಟು ಕೇಳಿ ಅಪ್ಪ ಮಾತಾಡ್ದೆ ಎದ್ದು ಹೋದ್ರು.

ಅಪ್ಪ ಒಪ್ಪಿದ್ದು ಈ ಲೆಕ್ಕ ನೋಡಿ. ಪರಿಸರ ಅಂತೆಲ್ಲ ಹೇಳಿದ್ರೆ ಒಪ್ತಿರ್ಲಿಲ್ಲ. ದೊಡ್ಡಪ್ಪ "ನೀನೇ ಓಡಾಡೋದಾದ್ರೆ ಮಾಡು" ಅಂದ್ರು ನಂಗೆ, ಅದನ್ನೇ ಒಪ್ಪಿಗೆ ಅಂದ್ಕೊಂಡೆ.

ಇನ್ನು ಕಾಗದದ ಕಥೆ, ಇಲ್ಲೇ ನನ್ನ ಅರ್ಧ ಆಯಸ್ಸು ಹೋಗಿದ್ದು.

ಅರ್ಜಿಗೆ ಬೇಕಾಗಿದ್ದು ಪಹಣಿ, ಬೆಳೆಗಾರರ ನೋಂದಣಿ, ಆಧಾರ್, ಪಾಸ್‌ಬುಕ್, ಜಾಗದ ಫೋಟೋ, ಕೆಲಸದ ಅಂದಾಜು ಪಟ್ಟಿ. ಸುಲಭ ಅನ್ಸುತ್ತೆ. ಪಹಣಿ ತೆಗ್ಸಿದ್ರೆ ಪಲ್ಪರ್ ಇರೋ ಸರ್ವೆ ನಂಬರ್ ಇನ್ನೂ ತಾತನ ಹೆಸರಲ್ಲಿ. ತಾತ ತೀರ್ಕೊಂಡು ಹದಿನೈದು ವರ್ಷ. ಅಣ್ಣ ತಮ್ಮ ಬಾಯಲ್ಲೇ ಭಾಗ ಮಾಡ್ಕೊಂಡು ಬೇಲಿ ಹಾಕ್ಕೊಂಡು ಚೆನ್ನಾಗೇ ಇದ್ರು, ಕಾಗದದಲ್ಲಿ ಮಾತ್ರ ತಾತ ಇನ್ನೂ ತೋಟ ಮಾಡ್ತಾ ಇದ್ದಾರೆ. ಪೌತಿ ಖಾತೆ, ಅಂದ್ರೆ ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಆಗ್ಲೇಬೇಕು. ಅದಕ್ಕೆ ತಾತನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಫಿಡವಿಟ್, ವಾರಸುದಾರರೆಲ್ಲರ ಆಧಾರ್ ಮತ್ತೆ ಸಹಿ. ವಾರಸುದಾರರು ಅಂದ್ರೆ ಅಪ್ಪ, ದೊಡ್ಡಪ್ಪ, ಮತ್ತೆ...

ಹೌದು. ಅತ್ತೆ.

ಯಾರ ಮನೆ ನೀರು ಹಾಳು ಮಾಡಿದ್ವೋ ಅವರದೇ ಸಹಿ ಬೇಕು. ನಾನು ಮತ್ತೆ ಅಪ್ಪ ಬಾಳೆಗೊನೆ ಹಿಡ್ಕೊಂಡು ಹೋದ್ವಿ. ಅತ್ತೆ ಕಾಗದ ಮುಟ್ಲಿಲ್ಲ. "ಮೊದ್ಲು ಗುಂಡಿ ಆಗ್ಲಿ, ಆಮೇಲೆ ಸಹಿ" ಅಂದ್ರು. ಆಫೀಸಲ್ಲಿ ಕೇಳಿದ್ರೆ ಖಾತೆ ಆಗ್ದೆ ಅರ್ಜಿ ಇಲ್ಲ, ಅರ್ಜಿ ಆಗಿ ಸ್ಥಳ ನೋಡೋ ಮೊದ್ಲು ಗುಂಡಿ ತೋಡಿದ್ರೆ ಸಬ್ಸಿಡಿ ಇಲ್ಲ. ಈ ಎರಡನೇದನ್ನ ಗಟ್ಟಿಯಾಗಿ ಹೇಳ್ತೀನಿ, ನಮ್ಮ ಹಳ್ಳದ ಮೇಲ್ಗಡೆ ಒಬ್ರು ಉತ್ಸಾಹದಲ್ಲಿ ಏಪ್ರಿಲ್‌ನಲ್ಲೇ ಜೆಸಿಬಿ ತರ್ಸಿ ಗುಂಡಿ ಹೊಡ್ಸಿ ಸಿಮೆಂಟ್ ಹಾಕಿ ಆಮೇಲೆ ಅರ್ಜಿ ಹಾಕಿದ್ರು, ಒಂದು ಪೈಸೆ ಬರ್ಲಿಲ್ಲ. ಒಳ್ಳೇ ಕೆಲಸ ಮೊದ್ಲು ಮಾಡಿದೋರಿಗೆ ಇಲ್ಲ, ಕಾದೋರಿಗೆ ಇದೆ, ಇದು ನಂಗೆ ಇವತ್ತೂ ಸರಿ ಅನ್ಸಲ್ಲ. ಆದ್ರೆ ನಿಯಮ ಹಂಗಿದೆ, ಸ್ಥಳ ಪರಿಶೀಲನೆ ಆಗೋವರೆಗೂ ಹಾರೆ ಮುಟ್ಬೇಡಿ.

ಮೂರು ಸಲ ಹೋದ್ವಿ ಅತ್ತೆ ಮನೆಗೆ. ಮೂರನೇ ಸಲ ಅಪ್ಪನ್ನ ಬಿಟ್ಟು ನಾನೊಬ್ಳೇ ಹೋದೆ, ಜೊತೆಗೆ ಆಫೀಸಿನವರು ಹಾಕ್ಕೊಟ್ಟಿದ್ದ ಸ್ಕೆಚ್. ಅಡುಗೆ ಮನೇಲಿ ಮಣೆ ಮೇಲೆ ಕೂತು ಎಲ್ಲಾ ವಿವರಿಸ್ದೆ, ಇಲ್ಲಿ ಜಾಲರಿ, ಇಲ್ಲಿ ಹುಳಿ ಕಳೆಯೋ ಸುಣ್ಣದ ತೊಟ್ಟಿ, ಇದು ದೊಡ್ಡ ಗುಂಡಿ, ಆಮೇಲೆ ನೀರು ತೋಟಕ್ಕೆ, ಹಳ್ಳಕ್ಕೆ ಒಂದು ಹನಿನೂ ಇಲ್ಲ ಅಂತ. ಸುಮಾರು ಹೊತ್ತು ಸುಮ್ನಿದ್ದು "ಅಪ್ಪ ಸತ್ತಾಗ ನಂಗೆ ಯಾರೂ ಏನೂ ಕೇಳಿರ್ಲಿಲ್ಲ ಕಣೇ, ಈಗ ಸಹಿ ಬೇಕು ಅಂತ ಬಂದ್ರಲ್ಲ" ಅಂದ್ರು. ನೀರಿನ ಸಿಟ್ಟಿನ ಕೆಳಗೆ ಈ ಸಿಟ್ಟು ಇತ್ತು. ಅದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಮಗಳಿಗೂ ಮಗನಷ್ಟೇ ಹಕ್ಕು, ನಮ್ಮ ಕಡೆ ಮನೆಗಳಲ್ಲಿ ಅದು ಸಹಿ ಬೇಕಾದಾಗ ಮಾತ್ರ ನೆನಪಾಗೋದು. ಕೊನೆಗೆ ಏನಾಯ್ತು ಅಂದ್ರೆ, ಖಾತೆ ಅಪ್ಪ ದೊಡ್ಡಪ್ಪ ಇಬ್ರ ಹೆಸರಿಗೆ ಬೇಡ, ಮೂರೂ ಜನದ ಜಂಟಿ ಖಾತೆ ಆಗ್ಲಿ ಅಂತ ನಾನೇ ಹೇಳ್ದೆ, ಮನೇಲಿ ಎರಡು ದಿನ ಯಾರೂ ನನ್ ಜೊತೆ ಮಾತಾಡ್ಲಿಲ್ಲ, ಮೂರನೇ ದಿನ ದೊಡ್ಡಮ್ಮನೇ "ಅದ್ರಲ್ಲಿ ತಪ್ಪೇನಿದೆ" ಅಂದಿದ್ದಕ್ಕೆ ದೊಡ್ಡಪ್ಪ ಮೆತ್ತಗಾದ್ರು. ಅತ್ತೆ ಸಹಿ ಹಾಕಿದ್ರು. ವರ್ಷಕ್ಕೆ ಎರಡು ಚೀಲ ಮೆಣಸೂ ಅಂತ ಸೇರ್ಸಿದ್ರು, ಅದನ್ನ ಬಾಯಲ್ಲೇ ಒಪ್ಕೊಂಡ್ವಿ.

ಸಹಿ ಆದ್ರೆ ಮುಗೀತಾ, ಇಲ್ಲ. ಪಹಣಿಯಲ್ಲಿ ತಾತನ ಹೆಸರು ಮುಂದೆ "ಬಿನ್" ಆದ್ಮೇಲೆ ಮುತ್ತಾತನ ಹೆಸರು ಒಂದು ಥರ, ಮರಣ ಪತ್ರದಲ್ಲಿ ಇನ್ನೊಂದು ಥರ. ಎರಡೂ ಒಬ್ರೇ ಅಂತ ಇನ್ನೊಂದು ಅಫಿಡವಿಟ್. ವಂಶವೃಕ್ಷ ಕೊಟ್ಟ ಕಚೇರಿಯಲ್ಲಿ ಅತ್ತೆ ವಯಸ್ಸು 26 ಅಂತ ಹೊಡೆದಿದ್ರು, 62 ಉಲ್ಟಾ ಆಗಿ. ಅತ್ತೆಗೆ ಅದೊಂದೇ ಖುಷಿ ಆಗಿದ್ದು ಇಡೀ ವ್ಯವಹಾರದಲ್ಲಿ. ಅದನ್ನ ಸರಿ ಮಾಡ್ಸೋಕೆ ಹದಿನೆಂಟು ದಿನ. ಪ್ರಿಂಟ್ ಕೈಗೆ ಬಂದ ತಕ್ಷಣ ಕೌಂಟರ್ ಬಿಟ್ಟು ಅಲ್ಲಾಡ್ಬೇಡಿ, ಅಲ್ಲೇ ನಿಂತು ಒಂದೊಂದು ಅಕ್ಷರ ಓದಿ. ಸ್ಟ್ಯಾಂಪ್ ಪೇಪರ್, ನೋಟರಿ, ಜೆರಾಕ್ಸ್, ಬಸ್ಸು ಆಟೋ, ಮಧ್ಯಾಹ್ನದ ಊಟ ಎಲ್ಲ ಸೇರಿ ನನ್ನ ಡೈರಿ ಪ್ರಕಾರ 6,840 ರೂಪಾಯಿ. ಇದು ಯಾವ ಅಂದಾಜು ಪಟ್ಟಿಯಲ್ಲೂ ಬರಲ್ಲ.

ಖಾತೆ ಆಗಿ ಹೊಸ ಪಹಣಿ ಬರೋ ಹೊತ್ತಿಗೆ ಜುಲೈ ಕೊನೆ. ಹೊರಗೆ ಮಳೆ. ಜಂಟಿ ಖಾತೆ ಆಗಿದ್ದಕ್ಕೆ ಅಪ್ಪನ ಹೆಸರಲ್ಲಿ ಅರ್ಜಿ ಹಾಕೋಕೆ ಉಳಿದಿಬ್ಬರ ಒಪ್ಪಿಗೆ ಪತ್ರನೂ ಬೇಕಾಯ್ತು, ಈ ಸಲ ಅತ್ತೆ ಕೇಳಿದ ಕೂಡ್ಲೇ ಹಾಕ್ಕೊಟ್ರು. ಆಗಸ್ಟ್‌ನಲ್ಲಿ ಅರ್ಜಿ ಕೊಟ್ವಿ. ಸೆಪ್ಟೆಂಬರ್ ಕೊನೇಲಿ ಮಳೆ ಬಿಡುವು ಕೊಟ್ಟಾಗ ಸ್ಥಳ ನೋಡೋಕೆ ಬಂದ್ರು.

ನಾವು ತೋರ್ಸಿದ ಜಾಗ ನೋಡಿ ಅವರು ತಲೆ ಆಡಿಸಿದ್ರು. ಹಳ್ಳದ ಪಕ್ಕ ಸಮತಟ್ಟಾಗಿತ್ತು, ನೀರು ತಾನಾಗೇ ಇಳ್ಕೊಂಡು ಬರುತ್ತೆ ಅಂತ ನಾವು ಆರಿಸಿದ್ದು. ಒಂದು ಕೋಲು ಚುಚ್ಚಿ ತೆಗೆದ್ರು, ತೂತಲ್ಲಿ ನೀರು ತುಂಬ್ಕೊಳ್ತು. ಒರತೆ ಜಾಗ. ಅಲ್ಲಿ ಗುಂಡಿ ಮಾಡಿ ನೀರು ಇಂಗದ ಹಾಗೆ ಪ್ಲಾಸ್ಟಿಕ್ ಶೀಟ್ ಹಾಸಿದ್ರೆ ಮಳೆಗಾಲದಲ್ಲಿ ಕೆಳಗಿಂದ ನೀರು ಒತ್ತಿ ಶೀಟ್ ಪೂರಿ ಥರ ಉಬ್ಬಿ ಮೇಲೆ ಬರುತ್ತೆ, ಅಲ್ದೆ ಗುಂಡಿ ತುಂಬಿ ಚೆಲ್ಲಿದ್ರೆ ಸೀದಾ ಹಳ್ಳ. ಪಲ್ಪರ್ ಮನೆ ಪಕ್ಕದಲ್ಲೇ, ಹಳ್ಳದಿಂದ ಮೇಲೆ, ಎಂಟು ಕಿತ್ತಲೆ ಗಿಡ ಇರೋ ಜಾಗ ತೋರ್ಸಿದ್ರು. ಅಮ್ಮ ನೆಟ್ಟಿದ್ದ ಗಿಡಗಳು. ನಾಲ್ಕು ಉಳಿಸ್ಕೊಂಡ್ವಿ, ನಾಲ್ಕು ಹೋಯ್ತು, ಅಮ್ಮ ಜೆಸಿಬಿ ಬಂದ ದಿನ ಬೆಳಿಗ್ಗೆನೇ ತವರಿಗೆ ಹೋಗಿ ಸಂಜೆ ಬಂದ್ರು.

ಗುಂಡಿ ಅಳತೆ ಬೇಕಾದೋರಿಗೆ: ಮೇಲೆ 36 ಅಡಿ ಉದ್ದ 18 ಅಡಿ ಅಗಲ, 6 ಅಡಿ ಆಳ, ಬದಿ ಇಳಿಜಾರು, ಮೇಲ್ಗಡೆ ಒಂದಡಿ ಖಾಲಿ ಬಿಟ್ಟು ಸುಮಾರು 65 ಸಾವಿರ ಲೀಟರ್ ಹಿಡಿಯುತ್ತೆ. ಇದಕ್ಕಿಂತ ಮುಂಚೆ ಸಿಮೆಂಟ್ ಬ್ಲಾಕಿನ ಎರಡು ಸಣ್ಣ ತೊಟ್ಟಿ, ಒಂದು ಸಿಪ್ಪೆ ಕಸ ತಡೆಯೋ ಜಾಲರಿ ತೊಟ್ಟಿ, ಒಂದು ಸುಣ್ಣ ಕಲೆಸೋ ತೊಟ್ಟಿ. ದೊಡ್ಡ ಗುಂಡಿ ಆದ್ಮೇಲೆ ಒಂದು ಆಳ ಇಲ್ಲದ ಅಗಲ ಗುಂಡಿ, ಅಲ್ಲಿ ಗಾಳಿ ತಾಗ್ತಾ ಒಂದು ವಾರ ನಿಲ್ಲುತ್ತೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಅಕ್ಟೋಬರ್‌ನಲ್ಲಿ ಒಂದು ದಿನ ಹೋಗಿ ಬಂದೆ, ಮಾಡೋ ಮೊದ್ಲು ಯಾರಾದ್ರೂ ಗೊತ್ತಿರೋರ ಹತ್ರ ಒಂದ್ಸಲ ಕೂತು ಕೇಳಿ, ಮೇಸ್ತ್ರಿಗೆ ಹೇಳಿ ಮಾಡ್ಸೋಕೆ ನಮಗೆ ಗೊತ್ತಿರ್ಬೇಕಲ್ಲ. ನಮ್ಮ ಮೇಸ್ತ್ರಿ ಕೊನೇವರೆಗೂ ಅದನ್ನ ಸ್ವಿಮ್ಮಿಂಗ್ ಪೂಲ್ ಅಂತಾನೇ ಕರೀತಿದ್ದ.

ಶೀಟ್ ಹಾಕೋಕೆ ಬಂದ ಪಾರ್ಟಿ ಒಂದು ತಲೆನೋವು. ಅಡ್ವಾನ್ಸ್ ಇಸ್ಕೊಂಡು ಹನ್ನೆರಡು ದಿನ ಫೋನ್ ಎತ್ತಲಿಲ್ಲ, ಬಂದ ಮೇಲೆ ಎರಡು ಶೀಟ್ ಸೇರೋ ಜಾಗದಲ್ಲಿ ಸರಿಯಾಗಿ ಅಂಟಿಸ್ದೆ ಹೋದ. ನಾವು ಸೀಸನ್ ಮುಂಚೆ ಸುಮ್ನೆ ಹಳ್ಳದ ನೀರು ತುಂಬ್ಸಿ ಒಂದು ಕೋಲಿಗೆ ಗುರುತು ಹಾಕಿ ಇಟ್ಟಿದ್ದಕ್ಕೆ ಗೊತ್ತಾಯ್ತು, ನಾಲ್ಕು ದಿನದಲ್ಲಿ ಒಂದು ಗೇಣು ಇಳಿದಿತ್ತು. ಮತ್ತೆ ಖಾಲಿ ಮಾಡ್ಸಿ, ಮತ್ತೆ ಕರೆಸಿ, ಮತ್ತೆ ಜಗಳ. ನೀವೂ ಹಂಗೇ ಮಾಡಿ, ಒಳ್ಳೇ ನೀರಲ್ಲಿ ಪರೀಕ್ಷೆ ಮಾಡ್ದೆ ಕೊಳೆ ನೀರು ಬಿಡ್ಬೇಡಿ, ಬಾಕಿ ದುಡ್ಡೂ ಆಮೇಲೇ ಕೊಡಿ.

ಖರ್ಚು ಹೇಳ್ಬಿಡ್ತೀನಿ. ಜೆಸಿಬಿ 14 ಸಾವಿರ, ಬ್ಲಾಕ್ ಸಿಮೆಂಟ್ ಮರಳು 71 ಸಾವಿರ, ಮೇಸ್ತ್ರಿ ಮತ್ತೆ ಆಳು 48 ಸಾವಿರ, ಶೀಟ್ 66 ಸಾವಿರ, ನೀರು ವಾಪಸ್ ತಿರುಗಿಸೋ ಮೋಟಾರ್ ಪೈಪ್ ಜಾಲರಿ 39 ಸಾವಿರ, ಬೇಲಿ 17 ಸಾವಿರ. 2 ಲಕ್ಷ 55 ಸಾವಿರ. ಬಂದಿದ್ದು 82 ಸಾವಿರ. ಯಾಕೆ ಇಷ್ಟು ಕಮ್ಮಿ ಅಂದ್ರೆ, ಸಬ್ಸಿಡಿ ಲೆಕ್ಕ ನಮ್ಮ ಖರ್ಚಿನ ಮೇಲಲ್ಲ, ಇಂಥ ಗುಂಡಿಗೆ ಇಷ್ಟು ಅಂತ ಅವರದೇ ಒಂದು ದರ ಇರುತ್ತೆ, ಅದರಲ್ಲಿ ಒಂದು ಪಾಲು. ಅಲ್ದೆ ಮೇಸ್ತ್ರಿ ಹತ್ರ ಬಿಲ್ ಇಲ್ಲ, ಮರಳಿಗೆ ಬಿಲ್ ಇಲ್ಲ. ಬೇಲಿ ಲೆಕ್ಕಕ್ಕೇ ಇಲ್ಲ, ಆದ್ರೂ ಬೇಲಿ ಹಾಕಿ. ನಾವು ತಡ ಮಾಡಿದ್ದಕ್ಕೆ ನಮ್ಮ ನಾಯಿ ಬಿತ್ತು, ಶೀಟ್ ಜಾರುತ್ತೆ, ಹತ್ತೋಕಾಗಲ್ಲ, ಅಪ್ಪ ಏಣಿ ಇಳಿಸಿ ಎತ್ತಿದ್ರು. ಮಗು ಆಗಿದ್ರೆ ಅಂತ ನೆನ್ಸ್ಕೊಂಡು ಆ ರಾತ್ರಿ ನಿದ್ದೆ ಬರ್ಲಿಲ್ಲ. ತೋಟದ ಕೆಲಸದವರ ಲೈನ್ ಮನೆ ಮಕ್ಕಳು ಅಲ್ಲೇ ಆಡೋದು. ಒಂದು ಗಂಟು ಹಾಕಿದ ಹಗ್ಗನೂ ಯಾವಾಗ್ಲೂ ಗುಂಡಿಗೆ ಇಳಿಬಿಟ್ಟಿರಿ.

ಪರ್ಸೆಂಟ್ ಎಷ್ಟು ಅಂತ ಬರೀತಿಲ್ಲ, ಸ್ಕೀಮು ವರ್ಷ ವರ್ಷ ಬದಲಾಗುತ್ತೆ, ಈ ವರ್ಷ ಇದೆಯಾ, ದುಡ್ಡು ಎಷ್ಟಿದೆ ಅಂತ ಮೊದ್ಲೇ ಕೇಳ್ಕೊಳ್ಳಿ. ಸಬ್ಸಿಡಿ ನಂಬ್ಕೊಂಡು ಕೈಸಾಲ ಮಾಡ್ಬೇಡಿ. ನಮಗೆ ಹೋದ ಸೀಸನ್ ಕಾಫಿ ರೇಟು ಕೈ ಹಿಡಿದಿದ್ದಕ್ಕೆ ಆಯ್ತು, ಇಲ್ದಿದ್ರೆ ಇಷ್ಟೆಲ್ಲ ಬರೆಯೋಕೆ ಇರ್ತಿರ್ಲಿಲ್ಲ.

ಡಿಸೆಂಬರ್ 3ಕ್ಕೆ ಪಲ್ಪಿಂಗ್ ಶುರು. ಮೊದಲನೇ ದಿನವೇ ನಾನು ಗಾಬರಿ. ಸುಣ್ಣ ಕಲೆಸಿದ ಕೂಡ್ಲೇ ಕಂದು ಇದ್ದ ನೀರು ಕಡು ಹಸಿರಾಗಿ ಕಪ್ಪಾಯ್ತು, ಏನೋ ಹಾಳಾಯ್ತು ಅಂತ ಫೋನ್ ಮಾಡ್ದೆ. ಹಂಗೇ ಆಗೋದು ಮೇಡಂ, ಸಿಪ್ಪೆಯ ಬಣ್ಣ ಅದು, ಹುಳಿ ಹೋದ್ರೆ ಕಪ್ಪಾಗುತ್ತೆ ಅಂದ್ರು. ಸುಣ್ಣ ಹಾಕಿ ಪಿಎಚ್ ಪೇಪರ್‌ನಲ್ಲಿ 7 ಬರೋವರೆಗೂ ಕಲೆಸ್ಬೇಕು. ನಾವು ಮೂರು ದಿನ ಪೇಪರ್ ನೋಡಿ ಹಾಕಿದ್ವಿ, ಆಮೇಲೆ ಹುಡುಗ ಕಣ್ಣಳತೆಯಲ್ಲಿ ಬುಟ್ಟಿಗಟ್ಟಲೆ ಸುರಿಯೋಕೆ ಶುರು ಮಾಡಿದ, ಒಂದು ವಾರ ಆದ್ಮೇಲೆ ನೋಡಿದ್ರೆ ಪೇಪರ್ ನೀಲಿ, ಅಂದ್ರೆ ಸುಣ್ಣ ಜಾಸ್ತಿ. ದೊಡ್ಡ ಗುಂಡಿಗೆ ಮೊದ್ಲೇ ಸಗಣಿ ಬಗ್ಗಡ ಹಾಕಿದ್ವಿ, ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ಬರೋದೇ ಆ ಸಗಣಿಯಿಂದ, ಅವಕ್ಕೆ ಹುಳಿನೂ ಆಗಲ್ಲ, ಸುಣ್ಣ ಜಾಸ್ತಿ ಆದ್ರೂ ಆಗಲ್ಲ. ಗುಂಡಿ ಸತ್ತ ಹಾಗೆ ಸುಮ್ನೆ ಮಲಗಿತ್ತು, ಒಂದು ಗುಳ್ಳೆ ಇಲ್ಲ. ವಾಸನೆ ಮಾತ್ರ ಮನೆವರೆಗೂ. ದೊಡ್ಡಪ್ಪ ಮೂಗು ಮುಚ್ಕೊಂಡು "ಹಳ್ಳದಲ್ಲಿದ್ದ ನಾತ ಮನೆಗೆ ತಂದ್ಲು" ಅಂದ್ರು. ಅಳು ಬಂತು ನಂಗೆ, ಸುಳ್ಳು ಯಾಕೆ.

ಆಫೀಸಿನವರು ಕ್ರಿಸ್ಮಸ್ ರಜೆ ದಿನವೇ ಬಂದ್ರು. ಎರಡು ದಿನ ಸುಣ್ಣ ನಿಲ್ಸಿ, ಹುಳಿ ನೀರನ್ನೇ ಬಿಟ್ಟು ಸರಿದೂಗಿಸಿ, ಆಮೇಲೆ ಹೊಸ ಸಗಣಿ ಬಗ್ಗಡ ಹತ್ತು ಬುಟ್ಟಿ ಹಾಕೋಕೆ ಹೇಳಿದ್ರು. ಜನವರಿ 6ನೇ ತಾರೀಕು ಬೆಳಿಗ್ಗೆ ಅಪ್ಪ ಗುಂಡಿ ಹತ್ರದಿಂದ ಕೂಗಿದ್ರು. ಮೂಲೆಯಲ್ಲಿ ಸಣ್ಣ ಸಣ್ಣ ಗುಳ್ಳೆ, ಅಕ್ಕಿ ಕುದಿಯೋಕೆ ಶುರುವಾದಾಗ ಬರುತ್ತಲ್ಲ ಹಂಗೆ. ಅಪ್ಪ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಒಂದು ಬೀಡಿ ಮುಗಿಸಿದ್ರು, ನಾನು ಆ ಗುಳ್ಳೆ ಉರಿಯೋ ಗ್ಯಾಸ್, ದೂರ ಹೋಗಿ ಸೇದಿ ಅಂತ ಬೈದೆ. ಆಮೇಲೆ ವಾಸನೆ ಇಳೀತು, ಪೂರ್ತಿ ಹೋಗ್ಲಿಲ್ಲ, ಹತ್ರ ಹೋದ್ರೆ ಇದೆ. ಸೊಳ್ಳೆನೂ ಇದೆ. ವಾಸನೆನೇ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಸಿಪ್ಪೆ ಈಗ ಹಳ್ಳದ ದಂಡೆ ಮೇಲಿಲ್ಲ, ಮೇಲ್ಗಡೆ ಸಗಣಿ ಜೊತೆ ಪದರ ಪದರ ಹಾಕಿ ಗೊಬ್ಬರಕ್ಕೆ ಬಿಟ್ಟಿದೀವಿ. ಇದಕ್ಕೆ ಯಾರ ಸಬ್ಸಿಡಿನೂ ಬೇಡ, ಕಾಗದನೂ ಬೇಡ, ಗುಂಡಿ ಮಾಡ್ಸೋಕೆ ಆಗ್ದೇ ಇರೋರು ಇದನ್ನಾದ್ರೂ ಈ ಸೀಸನ್ನೇ ಮಾಡ್ಬಹುದು. ಕೊನೆ ಗುಂಡಿಯ ನೀರನ್ನ ಮೋಟಾರಲ್ಲಿ ತೋಟಕ್ಕೆ ಬಿಡ್ತೀವಿ.

ಜನವರಿ ಕೊನೇಲಿ ಅಂತಿಮ ಪರಿಶೀಲನೆ, ಗುಂಡಿ ಓಡ್ತಾ ಇರೋವಾಗ್ಲೇ ಫೋಟೋ ತೆಗೀಬೇಕು ಅಂತ, ಖಾಲಿ ಗುಂಡಿ ತೋರ್ಸಿದ್ರೆ ಆಗಲ್ಲ. ಬಿಲ್ ಎಲ್ಲ ಒರಿಜಿನಲ್ ಕೊಟ್ಟೆ, ಕೊಡೋ ಮೊದ್ಲು ಎರಡು ಸೆಟ್ ಜೆರಾಕ್ಸ್ ಮಾಡ್ಸಿದ್ದೆ, ಒಂದು ಸೆಟ್ ಮತ್ತೆ ಕೇಳಿದ್ರು. ಮಾರ್ಚ್‌ಗೆ ದುಡ್ಡು.

ಹಳ್ಳ ಏನಾಯ್ತು ಅಂದ್ರೆ, ಹನ್ನೊಂದು ಚುಕ್ಕಿಯಲ್ಲಿ ನಾಲ್ಕು ಮನೆ ಗುಂಡಿ ಮಾಡ್ಸಿದ್ದಾರೆ. ಇಬ್ರು ಪಲ್ಪಿಂಗ್ ನಿಲ್ಸಿ ಹಣ್ಣನ್ನ ಹಂಗೇ ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಿಸಿ ಮಾರಿದ್ರು. ಉಳಿದ ಐದು ಹಂಗೇ ಇದೆ. ಜನವರಿ ಮಧ್ಯದಲ್ಲಿ ಎರಡು ದಿನ ಅತ್ತೆ ಮನೆ ನಲ್ಲಿಯಲ್ಲಿ ಮತ್ತೆ ಅದೇ ವಾಸನೆ. ಫೋನ್ ಬಂದಿದ್ದು ನಂಗೇ, "ನಿಮ್ಮ ಸ್ವಿಮ್ಮಿಂಗ್ ಪೂಲ್ ಒಡೆದಿದೆಯಾ ನೋಡೇ" ಅಂತ. ನೋಡಿದ್ರೆ ನಮ್ದು ಸರಿ ಇದೆ. ನಾನು ದೊಡ್ಡಪ್ಪ ಇಬ್ರೂ ಹಳ್ಳ ಹಿಡ್ಕೊಂಡು ಮೇಲೆ ನಡೆದ್ವಿ, ನಡೀತಾ ನಡೀತಾ ಪೇಪರ್ ಅದ್ದಿ ಅದ್ದಿ ನೋಡಿದ್ವಿ, ಎರಡು ತೋಟ ದಾಟಿದ್ಮೇಲೆ ಒಂದು ಚರಂಡಿ ಬಾಯಲ್ಲಿ 4 ಬಂತು. ಆ ಮನೆ ಯಜಮಾನರು ದೊಡ್ಡಪ್ಪನ ಜೊತೆ ಸ್ಕೂಲಿಗೆ ಹೋದೋರು. ದೊಡ್ಡಪ್ಪ ಏನೂ ಹೇಳ್ದೆ ಪೇಪರ್ ತುಂಡು ಅವರ ಕೈಗಿಟ್ರು. ಅವರು ಅದನ್ನ ತಿರುಗಿಸಿ ತಿರುಗಿಸಿ ನೋಡಿ, "ಕಾಫಿ ಹಣ್ಣೇನು ವಿಷನಾ ಮಾರಾಯ" ಅಂದ್ರು. ದೊಡ್ಡಪ್ಪ ನನ್ ಮುಖ ನೋಡಿದ್ರು.

ಅವರ ಪಹಣಿನೂ ಅವರಪ್ಪನ ಹೆಸರಲ್ಲೇ ಇದೆಯಂತೆ. ಮೂರು ಜನ ಅಕ್ಕಂದಿರು, ಒಬ್ರು ಮುಂಬೈನಲ್ಲಿ. ನನ್ ಹತ್ರ ಇದ್ದ ಅಫಿಡವಿಟ್ ಮಾದರಿ ಕಳಿಸಿದೀನಿ.